ಹಿಮನಾಡಿನ ನಾಯಿ, ನಮ್ಮ ಬೇಸಗೆ

ಶಿವರಾತ್ರಿ ಕಳೆಯಿತೆಂದರೆ ಸೈಬೀರಿಯದ ಹಸ್ಕಿ ನಾಯಿಯನ್ನು ಸಾಕಿದವರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಇಷ್ಟು ದಟ್ಟವಾದ ರೋಮವನ್ನು ಸೆಕೆಗಾಗಿ ಬೋಳಿಸಿಬಿಡಬಹುದೆ? ಕೂಡದು. ಕರುಣೆಯಿಂದ ಹುಟ್ಟಿದ ಯೋಚನೆಯೇನೋ ಅಹುದು. ಆದರೆ ಪ್ರಾಣಿಗೆ ಅದರಿಂದ ಅಪಕಾರವೇ ಆಗುವುದು.

ಇದರ ಪೂರ್ವಜರು ಈಶಾನ್ಯ ಸೈಬೀರಿಯದ ಚುಕ್ಚಿ ಜನರಿಗಾಗಿ ಹಿಮದ ಮೇಲೆ ಜಾರುಬಂಡಿ ಎಳೆದವು. 1925ರಲ್ಲಿ ಅಲಾಸ್ಕದ ನೋಮ್ ಪಟ್ಟಣದಲ್ಲಿ ಗಂಟಲಮಾರಿ ಕಾಣಿಸಿಕೊಂಡಾಗ, 674 ಮೈಲಿಗಳ ದಾರಿಯನ್ನು ಐದೂವರೆ ದಿನಗಳಲ್ಲಿ ಸವೆಸಿ ಔಷಧವನ್ನು ಮುಟ್ಟಿಸಿದುದು ಇಂಥ ಬಂಡಿಗಳ ನಾಯಿಗಳೇ. ಟೋಗೊ ಎಂಬ ಹಸ್ಕಿಯೂ ಅವುಗಳಲ್ಲೊಂದು.

ಇದರ ಮೈಗೆ ಎರಡು ಪದರಗಳುಂಟು: ಒಳಗೆ ಮೃದುವಾದ ತುಪ್ಪುಳು, ಹೊರಗೆ ನೀಳವಾದ ಒರಟು ರೋಮ. ಹೊರಪದರವು ಬಿಸಿಲನ್ನೂ ತಡೆಯುವುದು. ಬೋಳಿಸಿದರೆ ಚರ್ಮವು ಸುಡುವುದಲ್ಲದೆ, ಮರಳಿ ಬೆಳೆದ ರೋಮವು ಮೊದಲಿನಂತಾಗದೆಯೂ ಹೋಗಬಹುದು. ಒಳತುಪ್ಪುಳು ರಾಶಿರಾಶಿಯಾಗಿ ಉದುರುವ ಕಾಲದಲ್ಲಿ ದಿನವೂ ಬಾಚಿ ತೆಗೆಯಿರಿ; ಅದು ಒಳಗೇ ಸಿಕ್ಕಿಕೊಂಡರೆ ಮೈಗೆ ಗಾಳಿಯಾಡದು. (ಚಾಪೆಯ ಮೇಲೂ ಸೀರೆಯ ಮೇಲೂ ಎಳೆಗಳು ಅಂಟುವುವು, ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.)

ನಾಯಿಯು ನಮ್ಮಂತೆ ಮೈಯೆಲ್ಲ ಬೆವರದು. ತೇಕಿಯೇ ಶಾಖವನ್ನು ಕಳೆಯಬೇಕು. ಆದುದರಿಂದ ಹೊತ್ತು ಮೂಡುವ ಮುನ್ನವೇ ತಿರುಗಾಡಿಸಿ, ಹಗಲೆಲ್ಲ ತಂಪಾದ ನೆಲವನ್ನೂ ಬೇಕಾದಷ್ಟು ನೀರನ್ನೂ ಒದಗಿಸತಕ್ಕದ್ದು. ಬಳ್ಳಾರಿ, ರಾಯಚೂರುಗಳ ಬಿಸಿಲಿಗೆ ಹೊಸದಾಗಿ ಇಂಥ ಮರಿಯನ್ನು ತರುವುದಂತೂ ನಮಗೆ ಒಪ್ಪಿಗೆಯಿಲ್ಲ.

ನಾಯಿಯು ಎಡೆಬಿಡದೆ ತೇಕುತ್ತ, ಜೊಲ್ಲು ಸುರಿಸಿ ತೂರಾಡಿತೆಂದರೆ ತಡಮಾಡಬಾರದು. ಮೊದಲು ನೆರಳಿಗೆ ತಂದು, ರೋಮದ ಬುಡ ನೆನೆವಂತೆ ತಣ್ಣೀರೆರೆದು, ಗಾಳಿ ಬೀಸಿರಿ. ಆಮೇಲೆ ಒಡನೆಯೇ ಪಶುವೈದ್ಯರಲ್ಲಿಗೆ ಒಯ್ಯಿರಿ.