ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಮ್ಮ ಕುಟುಂಬಗಳು: ವಕೀಲರಿಲ್ಲದೆ ಹೋಗುವುದೇಕೆ?

ಧರ್ಮಕೇಂದ್ರದ ಕಚೇರಿಗೆ ಜನ ತರುವ ಕಷ್ಟಗಳು ಹೆಚ್ಚಾಗಿ ಹಳೆಯವೇ. ಮದುವೆಯ ಕಾಗದಪತ್ರ, ಜಾಗದ ತಕರಾರು, ಆಸ್ಪತ್ರೆಯ ಬಿಲ್ಲು, ಕುಡಿತ. ಇವುಗಳ ನಡುವೆ ಈಚಿನ ವರ್ಷಗಳಲ್ಲಿ ಇನ್ನೊಂದು ಮಾತು ಕೇಳಿಬರುತ್ತಿದೆ. "ಫಾದರ್, ಮಗುವನ್ನು ಸಮಿತಿಯವರು ಕರೆದುಕೊಂಡು ಹೋಗಿದ್ದಾರೆ. ಯಾರಿಗಾದರೂ ಒಂದು ಫೋನ್ ಮಾಡಿ."

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ತಾಯಿ ಕುವೈಟಿನಲ್ಲಿ ಮನೆಕೆಲಸಕ್ಕಿದ್ದಾಳೆ. ತಂದೆ ಇದ್ದೂ ಇಲ್ಲದವನು. ಎಂಟು ವರ್ಷದ ಹುಡುಗಿಯನ್ನು ಬೀಡಿ ಕಟ್ಟುವ ಅಜ್ಜಿ ಸಾಕುತ್ತಿದ್ದಾಳೆ. ಒಂದು ರಾತ್ರಿ ತಂದೆ ಕುಡಿದು ಬಂದು ಗಲಾಟೆ ಮಾಡುತ್ತಾನೆ, ಮಗುವಿನ ಮೈಮೇಲೆ ಬಾಸುಂಡೆ ಏಳುತ್ತದೆ. ಶಾಲೆಯ ಟೀಚರ್ ಅದನ್ನು ನೋಡಿ 1098ಕ್ಕೆ ತಿಳಿಸುತ್ತಾರೆ. ಟೀಚರ್ ಮಾಡಿದ್ದು ಸರಿ, ಅದರಲ್ಲಿ ಸಂದೇಹವೇ ಇಲ್ಲ. ಮಗು ಸಮಿತಿಯ ಮುಂದೆ ಹಾಜರಾಗುತ್ತದೆ, ಅಲ್ಲಿಂದ ಬಾಲಮಂದಿರಕ್ಕೆ ಹೋಗುತ್ತದೆ. ಹೊಡೆದವನು ತಂದೆ. ಆದರೆ ಮಗುವನ್ನು ಕಳೆದುಕೊಂಡವಳು ಅಜ್ಜಿ. ಕಾನೂನಿನ ಕಣ್ಣಿಗೆ ತಾನು ಯಾರು ಎಂಬುದು ಅವಳಿಗೇ ಗೊತ್ತಿಲ್ಲ.

ಮೊದಲು ಈ ಸಮಿತಿ ಏನೆಂದು ತಿಳಿಯೋಣ. ಬಾಲನ್ಯಾಯ ಕಾಯ್ದೆ 2015ರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಮಕ್ಕಳ ಕಲ್ಯಾಣ ಸಮಿತಿ ಇರಬೇಕು. ಅದರಲ್ಲಿ ಒಬ್ಬರು ಅಧ್ಯಕ್ಷರು, ನಾಲ್ವರು ಸದಸ್ಯರು ಇರುತ್ತಾರೆ. ಮೇಜು ಕುರ್ಚಿ ಹಾಕಿದ ಸಾಧಾರಣ ಕೋಣೆ, ಕರಿ ಕೋಟು ಕಾಣುವುದಿಲ್ಲ, ಕಟಕಟೆಯೂ ಇಲ್ಲ. ಮಕ್ಕಳು ಹೆದರಬಾರದೆಂದು ಉದ್ದೇಶಪೂರ್ವಕವಾಗಿಯೇ ಹಾಗೆ ಇಡಲಾಗಿದೆ. ಆದ್ದರಿಂದ ನಮ್ಮವರು ಅದನ್ನು ಪಂಚಾಯತಿ ಕಚೇರಿಯಂತೆ ಭಾವಿಸುತ್ತಾರೆ. ವಾಸ್ತವದಲ್ಲಿ ಆ ಪೀಠಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗು ಸಿಕ್ಕ 24 ಗಂಟೆಯೊಳಗೆ ಅದರ ಮುಂದೆ ಹಾಜರುಪಡಿಸಬೇಕು. ಮನೆಯ ಸ್ಥಿತಿಯ ಬಗ್ಗೆ ಸಾಮಾಜಿಕ ತನಿಖಾ ವರದಿ 15 ದಿನಗಳಲ್ಲಿ ಬರಬೇಕು. ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಆಗಬೇಕು. ಆ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು. ಈ 30 ದಿನಗಳನ್ನು ನಮ್ಮ ಅಜ್ಜಿಯಂದಿರು ನೊವೇನ ಮಾಡುತ್ತಾ, ಫಾದರ್ ಮೇಲಿನವರಿಗೆ ಹೇಳಿದ್ದಾರೆ ಎಂದು ಕಾಯುತ್ತಾ ಕಳೆಯುತ್ತಾರೆ. ನೊವೇನ ಮಾಡಲಿ, ಅದರ ಜೊತೆಗೆ ಆದೇಶದ ಪ್ರತಿಯನ್ನೂ ಕೇಳಿ ಪಡೆಯಲಿ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಇಂಥ ಸಂದರ್ಭದಲ್ಲಿ ಧರ್ಮಗುರುಗಳಾದ ನಾವು ಮಾಡುವ ಮೊದಲ ಕೆಲಸ ಪರಿಚಯದವರಿಗೆ ಫೋನ್ ಮಾಡುವುದು. ನಾನೂ ಮಾಡಿದ್ದೇನೆ. ಒಮ್ಮೆ ಹಾಗೆ ಫೋನ್ ಮಾಡಿದಾಗ ಆ ಕಡೆಯಿಂದ ಒಬ್ಬ ಮಹಿಳೆ ಬಹಳ ಮರ್ಯಾದೆಯಿಂದಲೇ, "ಫಾದರ್, ನೀವು ಹೇಳಿದ್ದನ್ನು ನಾನು ಎಲ್ಲಿ ಬರೆದುಕೊಳ್ಳಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಡತದಲ್ಲಿ ನಿಲ್ಲುವುದು ಅರ್ಜಿ, ದಾಖಲೆ, ವರದಿ. ಪಾದ್ರಿಯ ಶಿಫಾರಸು ಅಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ಹಾಗಾದರೆ ಅರ್ಜಿ ಬರೆಯುವವರು ಯಾರು? 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಕೂಡಾ ಇದೆ. ಅಂದರೆ ನಮ್ಮ ಅಜ್ಜಿಗೂ ಇದೆ, ಕುವೈಟಿನಲ್ಲಿರುವ ತಾಯಿಗೂ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅಥವಾ ತಾಲೂಕು ಸಮಿತಿಗೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಸಾಕು. 15100 ಎಂಬ ಸಹಾಯವಾಣಿಯೂ ಇದೆ. ಹೀಗಿದ್ದೂ ನಮ್ಮವರು ಏಕೆ ಹೋಗುವುದಿಲ್ಲ? ಒಂದು ಕಾರಣ, ಇದು ಕೋರ್ಟು ಕೇಸು ಎಂದು ಅವರಿಗೆ ಅನ್ನಿಸುವುದೇ ಇಲ್ಲ. ಇನ್ನೊಂದು, ಬಿಟ್ಟಿ ವಕೀಲರು ಕೆಲಸ ಮಾಡುವುದಿಲ್ಲ ಎಂಬ ನಂಬಿಕೆ. ಅದರಲ್ಲಿ ಸ್ವಲ್ಪ ನಿಜವಿರಬಹುದು. ಹಣ ಪಡೆದೂ ಕೆಲಸ ಮಾಡದವರನ್ನು ನಾವು ಕಂಡಿಲ್ಲವೇ? ಮೂರನೆಯದು ಒಂದು ತಪ್ಪು ತಿಳುವಳಿಕೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕಾನೂನು ಮತ್ತು ಪರಿವೀಕ್ಷಣಾಧಿಕಾರಿ ಎಂಬ ಹುದ್ದೆ ಇದೆ. ಅವರೇ ನಮ್ಮ ವಕೀಲರು ಎಂದು ಜನ ಭಾವಿಸುತ್ತಾರೆ. ಅವರು ಒಳ್ಳೆಯವರೇ ಇರಬಹುದು, ಆದರೆ ಅವರು ಘಟಕದ ಅಧಿಕಾರಿ. ಕುಟುಂಬದ ಪರವಾಗಿ ಮಾತನಾಡುವುದು ಅವರ ಕೆಲಸವಲ್ಲ.

ಬಂಧುಗಳ ಆರೈಕೆಗೆ ಬಾಲನ್ಯಾಯ ಕಾಯ್ದೆಯಲ್ಲಿ ಪ್ರತ್ಯೇಕ ಅಧ್ಯಾಯವಿಲ್ಲ. ಅಳಿಯಕಟ್ಟಿನ ಪದ್ಧತಿ ಕಂಡ ಈ ಕರಾವಳಿಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆಯುವುದು ಹೊಸತೇನಲ್ಲ, ನಮ್ಮ ಎಷ್ಟೋ ಗುರುಗಳು, ಧರ್ಮಭಗಿನಿಯರು ಅಜ್ಜಿ ಮನೆಯಲ್ಲೇ ಬೆಳೆದವರು. ಕಾನೂನಿನಲ್ಲಿ ಮಾತ್ರ ಇವರನ್ನು ಅಲ್ಲಲ್ಲಿ ಹುಡುಕಬೇಕು. ಆದರೂ ಬಾಗಿಲು ಮುಚ್ಚಿಲ್ಲ. ಪೋಷಕ ಎಂಬ ಪದಕ್ಕೆ ಆ ಕಾಯ್ದೆ ಕೊಡುವ ಅರ್ಥದಲ್ಲಿ, ಮಗುವಿನ ನಿಜವಾದ ಜವಾಬ್ದಾರಿ ಹೊತ್ತಿರುವವರನ್ನು ಸಮಿತಿ ಪೋಷಕರೆಂದು ಮಾನ್ಯ ಮಾಡಬಹುದು. ವಿಚಾರಣೆ ನಡೆಯುತ್ತಿರುವಾಗಲೇ ಮಗುವನ್ನು ಯೋಗ್ಯ ವ್ಯಕ್ತಿ ಎಂದು ಗುರುತಿಸಿದವರ ಬಳಿ ಇಡಲೂಬಹುದು. ಕಾಯ್ದೆಯ ಮೂಲತತ್ವಗಳಲ್ಲಿ, ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಎಂದೇ ಹೇಳಿದೆ. ಇಷ್ಟನ್ನು ಮೊದಲ ವಾರದಲ್ಲೇ ಅರ್ಜಿಯಲ್ಲಿ ಬರೆದು, ಅಜ್ಜಿಯ ಮನೆಗೆ ತನಿಖೆಗೆ ಬನ್ನಿ ಎಂದು ಕೇಳುವವರೊಬ್ಬರು ಇದ್ದರೆ ಕಡತದ ದಿಕ್ಕೇ ಬೇರೆಯಾಗುತ್ತದೆ.

ಹಣದ ಪ್ರಶ್ನೆಯೂ ಇದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ 2022ರ ಮಾರ್ಗಸೂಚಿಯಂತೆ ಪ್ರಾಯೋಜಕತ್ವದ ಅಡಿಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ವಿಧವೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ಬಂಧುಗಳ ಮನೆಯಲ್ಲಿರುವ ಅನಾಥ ಮಕ್ಕಳು, ಗಂಭೀರ ಕಾಯಿಲೆಯಿರುವವರ ಮಕ್ಕಳು ಇದರೊಳಗೆ ಬರುತ್ತಾರೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪೇಟೆಯಲ್ಲಿ 96,000 ರೂಪಾಯಿ ಮೀರಬಾರದು. ಈ ಮಿತಿ ಇಂದಿನ ಬೆಲೆಯಲ್ಲಿ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ ಆರು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ದುಡಿಯುವ ಹಳ್ಳಿಯ ಚಿಕ್ಕಪ್ಪ ಕಾಗದದ ಮೇಲೆ ಸ್ಥಿತಿವಂತನಾಗಿಬಿಡುತ್ತಾನೆ.

ಶಾಶ್ವತ ಏರ್ಪಾಡು ಬೇಕಾದರೆ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಪೋಷಕತ್ವಕ್ಕೆ ಅರ್ಜಿ ಹಾಕಬಹುದು. 1956ರ ಹಿಂದೂ ದತ್ತಕ ಕಾಯ್ದೆ ಕ್ರೈಸ್ತರಾದ ನಮಗೆ ಅನ್ವಯಿಸುವುದಿಲ್ಲ. ದತ್ತು ಬೇಕೆಂದರೆ ಬಾಲನ್ಯಾಯ ಕಾಯ್ದೆಯಲ್ಲೇ ಬಂಧುಗಳ ಮಗುವನ್ನು ಬಂಧುಗಳು ಧರ್ಮಭೇದವಿಲ್ಲದೆ ದತ್ತು ಪಡೆಯುವ ಅವಕಾಶವಿದೆ. 2021ರ ತಿದ್ದುಪಡಿ ಜಾರಿಯಾದ ಮೇಲೆ ದತ್ತು ಆದೇಶ ನೀಡುವವರು ಜಿಲ್ಲಾಧಿಕಾರಿ. ಛಾಪಾ ಕಾಗದದ ಮೇಲೆ ಮಗುವನ್ನು ಬರೆದುಕೊಡುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕೆ ಕವಡೆಯ ಬೆಲೆಯಿಲ್ಲ. ಅನಾಥ ಅಥವಾ ತೊರೆದ ಮಗುವನ್ನು ಹಾಗೆ ಕೊಟ್ಟರೆ, ಪಡೆದರೆ ಮೂರು ವರ್ಷದವರೆಗೆ ಸೆರೆವಾಸವಾಗಬಹುದು.

ಪ್ರೀತಿಯೊಂದೇ ಹಕ್ಕು ತರುವುದಿಲ್ಲ ಎಂಬುದಕ್ಕೆ ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ನೋಡಬಹುದು. 2019ರ ತೇಜಸ್ವಿನಿ ಗೌಡ್ ಪ್ರಕರಣದಲ್ಲಿ ತಾಯಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು, ಮಗುವನ್ನು ತಾಯಿಯ ಒಡಹುಟ್ಟಿದವರು ಸಾಕುತ್ತಿದ್ದರು. ಕಷ್ಟಕಾಲದಲ್ಲಿ ಅವರು ಮಾಡಿದ್ದು ದೊಡ್ಡ ಕೆಲಸವೇ, ಆದರೂ ಮಗು ತಂದೆಯ ವಶಕ್ಕೆ ಹೋಯಿತು. 2022ರ ಜೂನ್‌ನಲ್ಲಿ ಬಂದ ಸ್ವಾಮಿನಾಥನ್ ಪ್ರಕರಣದ ತೀರ್ಪಿನಲ್ಲಿ ಕೋವಿಡ್‌ಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಬಾಲಕನನ್ನು ತಂದೆಯ ಕಡೆಯ ಅಜ್ಜ ಅಜ್ಜಿಗೆ ಒಪ್ಪಿಸಲಾಯಿತು. ಗುಜರಾತ್ ಹೈಕೋರ್ಟು ಚಿಕ್ಕಮ್ಮನಿಗೆ ಕೊಟ್ಟಿತ್ತು. ಅವರು ಕಿರಿಯರು, ಸರ್ಕಾರಿ ನೌಕರಿಯವರು. ಆದಾಯ, ವಯಸ್ಸು, ಕುಟುಂಬ ದೊಡ್ಡದೇ ಚಿಕ್ಕದೇ ಎಂಬುದಷ್ಟೇ ಮಾನದಂಡವಾಗದು ಎಂದಿತು ಸರ್ವೋಚ್ಚ ನ್ಯಾಯಾಲಯ. ನಮ್ಮ ಬೀಡಿ ಕಟ್ಟುವ ಅಜ್ಜಿಗೆ ಈ ತೀರ್ಪು ಬಹಳ ಬೆಲೆಬಾಳುವಂಥದ್ದು. ಆದರೆ ಅದನ್ನು ಸಮಿತಿಯ ಮುಂದೆ ಓದಿ ಹೇಳಲು ಒಬ್ಬರು ಬೇಕಲ್ಲ!

ಹೊರದೇಶಗಳಲ್ಲಿರುವ ನಮ್ಮ ನರ್ಸುಗಳ ಕುಟುಂಬಗಳಿಗಾಗಿ ಒಂದು ಮಾತು. ಇಂಗ್ಲೆಂಡಿನಲ್ಲಿ ಮಗುವನ್ನು ಸರ್ಕಾರದ ಆರೈಕೆಗೆ ಪಡೆಯಲು ಕೇಸು ಹಾಕಿದರೆ, ತಂದೆ ತಾಯಿಯ ಸಂಬಳ ನೋಡದೆ ವಕೀಲರ ಖರ್ಚನ್ನು ಸರ್ಕಾರವೇ ಭರಿಸುತ್ತದೆ. ಬಂಧುಗಳಿಗೆ ವಿಶೇಷ ಪೋಷಕತ್ವದ ಆದೇಶ ಎಂಬ ವ್ಯವಸ್ಥೆ 2005ರಿಂದ ಜಾರಿಯಲ್ಲಿದೆ. ಯಾವ ದೇಶದಲ್ಲೇ ಆಗಲಿ, ಮೊದಲ ದಿನವೇ ವಕೀಲರನ್ನು ಕೇಳಿರಿ, ಭಾರತದ ರಾಯಭಾರ ಕಚೇರಿಗೆ ತಿಳಿಸಿರಿ. 2011ರಲ್ಲಿ ನಾರ್ವೆಯಲ್ಲಿ ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಪಡೆದುಕೊಂಡದ್ದು ನೆನಪಿರಬಹುದು. 2012ರಲ್ಲಿ ಮಕ್ಕಳು ಚಿಕ್ಕಪ್ಪನ ವಶಕ್ಕೆ ಬಂದು ಭಾರತ ಸೇರಿದಾಗ ಎಲ್ಲರೂ ಸಂತೋಷಪಟ್ಟರು. ಆದರೆ ತಾಯಿಗೆ ಮಕ್ಕಳು ಸಿಕ್ಕಿದ್ದು ಇಲ್ಲಿನ ಸಮಿತಿಗೆ ಅಲೆದು, 2013ರಲ್ಲಿ ಕಲ್ಕತ್ತಾ ಹೈಕೋರ್ಟಿನ ಆದೇಶ ಬಂದ ಮೇಲೆ. ಬಂಧುಗಳ ಮನೆ ಸೇರಿದ ಕೂಡಲೇ ಕಥೆ ಮುಗಿಯುವುದಿಲ್ಲ.

ಇನ್ನು ನಮ್ಮ ಅನಾಥಾಲಯಗಳ ವಿಷಯ. ಬರ, ಕಾಲರಾ, ಬಡತನದ ದಿನಗಳಲ್ಲಿ ಧರ್ಮಭಗಿನಿಯರು ನಡೆಸಿದ ಮನೆಗಳಿಂದಾಗಿ ಬದುಕಿಕೊಂಡವರು ಸಾವಿರಾರು ಮಂದಿ. ಆ ಋಣವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರಿಂದಲೇ ನಮ್ಮಲ್ಲಿ ಒಂದು ಅಭ್ಯಾಸ ಬೆಳೆಯಿತು. ಮನೆಯಲ್ಲಿ ಕಷ್ಟವೆಂದರೆ ಮಗುವನ್ನು ಕಾನ್ವೆಂಟಿಗೆ ಬಿಡು ಎನ್ನುವುದು. ಅಜ್ಜಿಗೆ ತಿಂಗಳಿಗೆ ಒಂದಿಷ್ಟು ಅಕ್ಕಿ, ಶಾಲೆಯ ಶುಲ್ಕ ಕೊಟ್ಟರೆ ಸಾಕಾಗುತ್ತಿದ್ದ ಕಡೆಯಲ್ಲೂ ಮಗುವನ್ನೇ ಎತ್ತಿ ತಂದಿದ್ದೇವೆ. ಕೋವಿಡ್ ಬಂದಾಗ ದೇಶದ ಮಕ್ಕಳ ಪಾಲನಾ ಸಂಸ್ಥೆಗಳಲ್ಲಿ 2,27,518 ಮಕ್ಕಳಿದ್ದರು, ಅವರಲ್ಲಿ 1,45,788 ಮಂದಿಯನ್ನು ಮನೆಗೆ ಕಳುಹಿಸಲಾಗಿದೆ ಎಂಬ ಲೆಕ್ಕ 2020ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಅಷ್ಟೊಂದು ಮಕ್ಕಳಿಗೆ ಹೋಗಲು ಒಂದು ಮನೆ ಇತ್ತು ಎಂಬುದನ್ನು ಗಮನಿಸಬೇಕು. ಆ ಮನೆಗಳೆಲ್ಲ ಸುರಕ್ಷಿತವೇ, ಅಲ್ಲಿ ಊಟವಿತ್ತೇ ಎಂಬುದು ಬೇರೆ ಪ್ರಶ್ನೆ. ಆ ವರ್ಷವೇ ರಾಷ್ಟ್ರೀಯ ಮಕ್ಕಳ ಹಕ್ಕುಗಳ ಆಯೋಗವು ಕರ್ನಾಟಕ ಸೇರಿ ಎಂಟು ರಾಜ್ಯಗಳಿಗೆ 100 ದಿನಗಳೊಳಗೆ ಮಕ್ಕಳನ್ನು ಮನೆಗೆ ಕಳುಹಿಸುವಂತೆ ಬರೆದಾಗ ಹಲವರು ಆಕ್ಷೇಪಿಸಿದ್ದು ಇದೇ ಕಾರಣಕ್ಕೆ. ಒಂದೊಂದು ಮಗುವಿನ ಮನೆಯನ್ನೂ ಬೇರೆಬೇರೆಯಾಗಿ ನೋಡಬೇಕು. ದಿನ ಎಣಿಸಿ ಮಾಡುವ ಕೆಲಸ ಇದಲ್ಲ.

ಏಕೆಂದರೆ ಬಂಧು ಎಂದ ಮಾತ್ರಕ್ಕೆ ಭಯವಿಲ್ಲ ಎನ್ನುವಂತಿಲ್ಲ. ಮಗುವಿಗೆ ಕೇಡು ಮಾಡಿದವನು ಚಿಕ್ಕಪ್ಪನೋ ಮಾವನೋ ಆಗಿದ್ದರೆ, ಕುಟುಂಬದ ಮಾನದ ಹೆಸರಿನಲ್ಲಿ ರಾಜಿ ಮಾಡಿಸಲು ಗುರ್ಕಾರರಿಗಾಗಲಿ, ಪಾಲನಾ ಮಂಡಳಿಗಾಗಲಿ ಅಧಿಕಾರವಿಲ್ಲ. ಪೋಕ್ಸೋ ಕಾಯ್ದೆ 2012ರ ಪ್ರಕಾರ ಲೈಂಗಿಕ ಅಪರಾಧದ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಅದೇ ಅಪರಾಧ. ಅಲ್ಲಿ ಕೂಡಾ ಮಗುವಿನ ಕುಟುಂಬಕ್ಕೆ ತನ್ನ ಆಯ್ಕೆಯ ವಕೀಲರನ್ನು ಇಟ್ಟುಕೊಳ್ಳುವ, ಶಕ್ತಿಯಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರದಿಂದ ಪಡೆಯುವ ಹಕ್ಕಿದೆ.

ಧರ್ಮಕೇಂದ್ರದಿಂದ ಮಾಡಬಹುದಾದದ್ದು ದೊಡ್ಡದೇನಲ್ಲ, ಆದರೆ ಅದು ನಮ್ಮಿಂದಲೇ ಆಗಬೇಕು. ನಮ್ಮ ಜ್ಞಾನಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳಲ್ಲಿ ಎರಡು ಮೂರು ತಲೆಮಾರಿನ ಸಂಬಂಧ ಬರೆದಿಟ್ಟಿದೆ. ಅಜ್ಜಿಯ ಮದುವೆ, ಮಗಳ ಜ್ಞಾನಸ್ನಾನ, ಮಗಳ ಮದುವೆ, ಮೊಮ್ಮಗಳ ಜ್ಞಾನಸ್ನಾನ. ಈ ನಾಲ್ಕು ಪ್ರತಿಗಳನ್ನು ಜನನ ಪ್ರಮಾಣಪತ್ರದ ಜೊತೆಗೆ ಅದೇ ದಿನ ಕೊಟ್ಟರೆ ಸಂಬಂಧ ತೋರಿಸಲು ಅಜ್ಜಿ ಕಚೇರಿ ಕಚೇರಿ ತಿರುಗಬೇಕಾಗಿಲ್ಲ. ಜ್ಞಾನಪಿತ, ಜ್ಞಾನಮಾತೆಯರಿಗೆ ಕಾನೂನಿನಲ್ಲಿ ಸ್ಥಾನವಿಲ್ಲ ನಿಜ, ಆದರೆ ಅಜ್ಜಿಯ ಜೊತೆ ಹೋಗಿ ಕುಳಿತುಕೊಳ್ಳಲು ಯಾವ ಕಾನೂನು ಬೇಕು? ಗಲ್ಫಿಗೆ ಹೋಗುವ ತಾಯಂದಿರು ಹೊರಡುವ ಮುನ್ನವೇ ಮಗು ಯಾರ ಬಳಿ ಇರುತ್ತದೆ, ಶಾಲೆ ಮತ್ತು ಆಸ್ಪತ್ರೆಯ ವಿಷಯದಲ್ಲಿ ಯಾರು ನಿರ್ಧರಿಸಬಹುದು ಎಂದು ನೋಟರಿಯ ಮುಂದೆ ಬರೆದುಕೊಡಲಿ. ಈಗಾಗಲೇ ಹೋದವರು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಬಹುದು. ಇದರಿಂದ ಪೋಷಕತ್ವ ವರ್ಗಾವಣೆ ಆಗುವುದಿಲ್ಲ. ಮಗುವಿನ ಜವಾಬ್ದಾರಿ ನಿಜವಾಗಿ ಯಾರ ಕೈಯಲ್ಲಿದೆ ಎಂಬುದಕ್ಕೆ ಮಾತ್ರ ಒಳ್ಳೆಯ ಸಾಕ್ಷಿಯಾಗುತ್ತದೆ. ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಮನೆ ಭೇಟಿಗೆ ಹೋದಾಗ ಇದನ್ನು ವಿಚಾರಿಸಬಹುದು. ನಮ್ಮ ಧರ್ಮಪ್ರಾಂತ್ಯದ ಕಥೋಲಿಕ ವಕೀಲರು ಹಬ್ಬದ ವೇದಿಕೆಯಲ್ಲಿ ಸನ್ಮಾನ ಪಡೆಯುವುದರ ಜೊತೆಗೆ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರ ಪಟ್ಟಿಗೂ ಹೆಸರು ಕೊಟ್ಟರೆ ಉಪಕಾರ.

ಕೊನೆಯದಾಗಿ ನಮ್ಮ ವರದಿಗಾರರಿಗೆ ಒಂದು ಸೂಚನೆ. ಸಮಿತಿಯ ಅಥವಾ ಬಾಲಮಂದಿರಗಳ ರಕ್ಷಣೆಯಲ್ಲಿರುವ ಮಗುವಿನ ಗುರುತು ತಿಳಿಯುವಂಥ ಹೆಸರು, ಶಾಲೆ, ಚಿತ್ರ ಪ್ರಕಟಿಸಿದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಕ್ರಿಸ್ಮಸ್ ಸಮಯದಲ್ಲಿ ಮಕ್ಕಳ ಮನೆಗಳಲ್ಲಿ ಉಡುಗೊರೆ ಹಂಚಿದ ಸಾಲು ಸಾಲು ಚಿತ್ರಗಳನ್ನು ಈ ಪುಟಗಳಲ್ಲಿ ನಾವೇ ಹಾಕಿದ್ದೇವೆ. ಅವುಗಳನ್ನು ಈ ವಾರದಿಂದ ತೆಗೆಯುತ್ತಿದ್ದೇವೆ. ಇನ್ನು ಮುಂದೆ ಅಂಥ ಚಿತ್ರಗಳನ್ನು ಕಳುಹಿಸಬೇಡಿ. ದಾನಿಗಳ ಚಿತ್ರ ಮಾತ್ರ ಸಾಕು, ಅದನ್ನು ಖಂಡಿತ ಹಾಕುತ್ತೇವೆ.