ಕಾಟಿಯನ್ನು ಹೆತ್ತ ಹಸು

2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೊಲೊಸಲ್ ಸಂಸ್ಥೆಯು, ಸಾವಿರಾರು ವರ್ಷಗಳ ಹಿಂದೆ ಅಳಿದುಹೋದ ಡೈರ್ ವುಲ್ಫ್ ಎಂಬ ತೋಳವನ್ನು ಮರಳಿ ತಂದಿರುವುದಾಗಿ ಘೋಷಿಸಿತು. ಬೂದು ತೋಳದ ಜೀವಕೋಶಗಳನ್ನು ತಿದ್ದಿ, ಸಾಕುನಾಯಿಗಳ ಗರ್ಭದಲ್ಲಿ ಬೆಳೆಸಿದ ಮರಿಗಳವು. ಸೃಷ್ಟಿಕರ್ತನ ಕೆಲಸಕ್ಕೆ ಮನುಷ್ಯನು ಕೈಹಾಕಬಹುದೇ ಎಂಬ ಪ್ರಶ್ನೆ ಇಂಥ ಸುದ್ದಿಯ ಬೆನ್ನಿಗೇ ಬರುತ್ತದೆ. ನಮಗೆ ಇನ್ನೂ ಹತ್ತಿರದ ಪ್ರಶ್ನೆಯೊಂದಿದೆ: ಗರ್ಭವನ್ನು ಎರವಲು ಕೊಟ್ಟ ತಾಯಿಯ ಪಾಡೇನು?

ನಮ್ಮ ಬಂಡೀಪುರ, ನಾಗರಹೊಳೆಗಳ ಕಾಟಿಯನ್ನೇ ನೋಡೋಣ. 2001ರ ಜನವರಿಯಲ್ಲಿ ಅಮೆರಿಕದ ಅಯೋವಾದಲ್ಲಿ ಸಾಮಾನ್ಯ ಹಸುವೊಂದು ಕಾಟಿಯ ಕರುವನ್ನು ಹೆತ್ತಿತು. ಸತ್ತ ಕಾಟಿಯೊಂದರ ಶೀತಲೀಕರಿಸಿಟ್ಟ ಚರ್ಮಕೋಶವನ್ನು, ಕೋಶಕೇಂದ್ರ ತೆಗೆದ ಹಸುವಿನ ಅಂಡಾಣುವಿನೊಡನೆ ಬೆಸೆದು ಭ್ರೂಣವಾಗಿಸಿದ್ದರು. ಹೀಗೆ ಬೆಸೆದ ಅಂಡಾಣುಗಳು 692. ಭ್ರೂಣವನ್ನು ಹೊರಿಸಿದ ಹಸುಗಳು 32. ಗರ್ಭ ನಿಂತದ್ದು 8ರಲ್ಲಿ. ಹುಟ್ಟಿದ್ದು ಒಂದೇ ಕರು. ನೋವಾ ಎಂದು ಹೆಸರಿಟ್ಟ ಆ ಕರು ಎರಡು ದಿನಗಳೊಳಗೆ ಆಮಶಂಕೆಯಿಂದ ಸತ್ತಿತು. ಕರುವಿನ ಹೆಸರು ಪತ್ರಿಕೆಗಳಲ್ಲಿ ಬಂದಿತು, ಗರ್ಭ ಕಳೆದುಕೊಂಡ ಹಸುಗಳು ಬರಿಯ ಅಂಕಿಗಳಾದವು. ದಯೆಯನ್ನು ಧರ್ಮದ ಮೂಲವೆಂದು ಬಗೆಯುವ ನಾವು ಈ ಲೆಕ್ಕವನ್ನು ಬದಿಗಿಡಲಾರೆವು.

ಈ ವಿದ್ಯೆ ವ್ಯರ್ಥವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕೇವಲ ಏಳು ಪ್ರಾಣಿಗಳ ಸಂತತಿಯಾಗಿ ಉಳಿದಿರುವ ಅಮೆರಿಕದ ಕಪ್ಪುಪಾದದ ಫೆರೆಟ್‌ಗೆ, 1988ರಿಂದ ಶೀತಲದಲ್ಲಿದ್ದ ಕೋಶದಿಂದ 2020ರಲ್ಲಿ ಹುಟ್ಟಿದ ಮರಿಯೊಂದು ಕಳೆದುಹೋದ ವಂಶವೈವಿಧ್ಯವನ್ನು ಹಿಂದಿರುಗಿಸುವ ಭರವಸೆ ತಂದಿತು. ಅಂಥ ಕೊನೆಯ ಘಟ್ಟದಲ್ಲಿ ಅದಕ್ಕೆ ಸ್ಥಾನವುಂಟು. ನಮ್ಮ ಕಾಟಿಯನ್ನು ಉಳಿಸಿದ್ದು ಮಾತ್ರ ಬೇರೆಯೇ ಕಾಯಕ.

ಹಸು ಕಾಟಿಯ ಭ್ರೂಣವನ್ನು ಹೊರಬಲ್ಲುದು ಎರಡೂ ಹತ್ತಿರದ ಬಂಧುಗಳಾದುದರಿಂದ. ಅದೇ ಬಂಧುತ್ವದಿಂದ ಹಸುವಿನ ರೋಗವೂ ಕಾಟಿಗೆ ತಗಲುತ್ತದೆ. 1968ರಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ದೊಡ್ಡರೋಗ ಬಂಡೀಪುರ, ಮುದುಮಲೆಗಳ ಕಾಟಿಗಳನ್ನು ಹಿಂಡುಹಿಂಡಾಗಿ ಬಲಿ ತೆಗೆದುಕೊಂಡಿತು. ಬೆಂಗಳೂರಿನ ದಂಡು ರೈಲು ನಿಲ್ದಾಣದಿಂದ ಕೆಲವೇ ಮೈಲಿ ಉತ್ತರಕ್ಕಿರುವ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು 1925ರಲ್ಲಿ ಹುಟ್ಟಿದ್ದೇ ಈ ರೋಗಕ್ಕೆ ಸೀರಂ ತಯಾರಿಸಲೆಂದು. 1954ರಿಂದ ದೇಶವು ಊರೂರಿನ ಕೊಟ್ಟಿಗೆಗಳಿಗೆ ಲಸಿಕೆ ಒಯ್ದಿತು. 2011ರಲ್ಲಿ ಇಡೀ ಜಗತ್ತೇ ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಕಾಡಿನ ಕಾಟಿಗೆ ಸೂಜಿ ಚುಚ್ಚಿದವರು ಯಾರೂ ಇಲ್ಲ. ಕೊಟ್ಟಿಗೆಯ ಹಸುವನ್ನು ಕಾಯ್ದದ್ದರಿಂದ ಅದಕ್ಕೂ ರಕ್ಷಣೆ ದೊರೆಯಿತು. ಮೇವು ನೀರುಗಳಿದ್ದ ಕಾಡನ್ನು ಕಾಪಾಡಿದ್ದರಿಂದ ಹಿಂಡುಗಳು ಮತ್ತೆ ಬೆಳೆದವು.

ತದ್ರೂಪಿ ಕರುವಿಗೆ ಹಿಂಡಿಲ್ಲ. ಯಾವ ಸೊಪ್ಪು ಮೇಯಬೇಕು, ಹುಲಿಯ ವಾಸನೆಗೆ ಎತ್ತ ಓಡಬೇಕೆಂದು ಕಲಿಸುವ ಹಿರಿಯ ಹೆಣ್ಣುಗಳಿಲ್ಲ. ಸಾಕುಹಸು ಅದನ್ನು ಹೆರಬಹುದು, ಕಾಡನ್ನು ಕಲಿಸಲಾರದು.

ರಿಂಡರ್‌ಪೆಸ್ಟ್ ಹೋಯಿತು, ಕಾಲುಬಾಯಿ ಜ್ವರ ಹೋಗಿಲ್ಲ. ಅದೂ ಕಾಟಿಗೆ ತಗಲುವ ರೋಗವೇ. ಹಲಸೂರು, ಕೆ.ಆರ್.ಪುರಂಗಳಲ್ಲಿ ಇಂದಿಗೂ ಹಸು ಸಾಕುವ ಮನೆಗಳಿವೆ. ಕಾಡಂಚಿನ ಗುಂಡ್ಲುಪೇಟೆ, ಎಚ್.ಡಿ.ಕೋಟೆಗಳಲ್ಲಿ ನಮ್ಮ ಭಕ್ತರ ಕೊಟ್ಟಿಗೆಗಳು ಬಹಳ. ಹಾಲು ಕಡಿಮೆಯಾದೀತೆಂದು ಲಸಿಕೆಯನ್ನು ಮುಂದೂಡುವವರು ಎರಡೂ ಕಡೆ ಇದ್ದಾರೆ. ಪಶುವೈದ್ಯರು ಮುಂದಿನ ಬಾರಿ ಬಂದಾಗ ಒಂದು ಕರುವನ್ನೂ ಬಿಡದೆ ಲಸಿಕೆ ಹಾಕಿಸಬೇಕೆಂದು ಕೋರುತ್ತೇವೆ.