ಹೊರೆಗೆ ತಕ್ಕ ಎತ್ತು



"ಮಗನ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲಿದ್ದೇವೆ. ಜೊತೆಗೆ ಬೇರೇನಾದರೂ ಬದಲಿಸಬೇಕೆ?" ಎಂದು ಸೋದರಿಯೊಬ್ಬರು ಪತ್ರ ಬರೆದು ಕೇಳಿದ್ದಾರೆ. ಇದಕ್ಕೆ ಉತ್ತರಿಸುವ ಅರ್ಹತೆ ನಮಗೆ ಬಂದುದು ಪಾಂಡಿತ್ಯದಿಂದಲ್ಲ, ಪೆಟ್ಟು ತಿಂದುದರಿಂದ.

ನಮ್ಮ ಶಾಲೆಯ ಮಕ್ಕಳು ಊರ ಹಿರಿಯರ ಹಾಡು, ಕತೆಗಳನ್ನು ಚಿತ್ರೀಕರಿಸಿ ಶಾಲೆಯ ಕಂಪ್ಯೂಟರಿನಲ್ಲಿ ಜೋಡಿಸಿಡುತ್ತಾರೆ. ಕೆಲಸ ಬೇಗ ಸಾಗಲೆಂದು ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿ ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಕಾರ್ಡನ್ನು ತಂದಿತ್ತರು. ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆಯನ್ನೂ, ಅಂಗಡಿಯವರ ಮಾತಿನಲ್ಲಿ ಎಸ್‌ಎಂಪಿಎಸ್ ಅನ್ನೂ, ಬದಲಿಸೋಣವೆಂದರು. ದುಂದುವೆಚ್ಚವೇಕೆಂದು ನಾವೇ ತಡೆದೆವು. ಹಳೆಯದರ ಮೇಲೆ 450 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತಲ್ಲ! ಕಾರ್ಡಿಗೆ ಬೇಕಾದ 8 ಪಿನ್ನಿನ ತಂತಿ ಅದರಲ್ಲಿರಲಿಲ್ಲ. ಬೇರೆ ತಂತಿಗೆ ಅಡಾಪ್ಟರ್ ಸಿಕ್ಕಿಸಿ ಕೆಲಸ ನಡೆಸಿದೆವು.

ಎರಡು ದಿನ ಎಲ್ಲವೂ ಸುಗಮವಾಗಿತ್ತು. ಮೂರನೆಯ ದಿನ, ಅಜ್ಜಿಯೊಬ್ಬರ ಹಾಡಿನ ಚಿತ್ರ ಸಿದ್ಧವಾಗುತ್ತಿರುವಾಗ ಯಂತ್ರ ತಟಕ್ಕನೆ ಆರಿತು. ಮತ್ತೆ ಹಚ್ಚಿದೆವು, ಮತ್ತೆ ಆರಿತು. ನಾಲ್ಕನೆಯ ಸಲ ಹಚ್ಚಿದಾಗ ಆ ಹಾಡಿನ ಕಡತವೇ ತೆರೆಯದಾಯಿತು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಅಜ್ಜಿ ಆ ವೇಳೆಗಾಗಲೇ ತೀರಿಕೊಂಡಿದ್ದರು.

ಕಾರ್ಡೇ ಕೆಟ್ಟದ್ದೆಂದು ದೂರುತ್ತ ಕುಳಿತಿದ್ದ ನಮ್ಮಲ್ಲಿಗೆ, ಕಂಪ್ಯೂಟರ್ ದುರಸ್ತಿಯ ಹಳೆ ಶಿಷ್ಯನೊಬ್ಬ ಬಂದ. ಪೆಟ್ಟಿಗೆಯ ಮೈಮೇಲಿನ ಚೀಟಿಯತ್ತ ಬೆರಳು ತೋರಿ, "ಮಾಸ್ಟ್ರೇ, ದಪ್ಪಕ್ಷರ ಓದಿದಿರಿ. ಸಣ್ಣಕ್ಷರ ಓದಿದ್ದೀರಾ?" ಎಂದ. ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿರೆಂದು ಮಕ್ಕಳಿಗೆ ದಿನವೂ ಹೇಳುವವರು ನಾವು!

ಚೀಟಿಯಲ್ಲಿ 12 ವೋಲ್ಟಿನ ಸಾಲಿಗೆ 20 ಆಂಪಿಯರ್ ಎಂದಿತ್ತು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್, ಅಂದರೆ 240. ಕಾರ್ಡೂ ಪ್ರೊಸೆಸರೂ ಉಣ್ಣುವುದು ಬಹುಮಟ್ಟಿಗೆ ಈ ಸಾಲಿನಿಂದಲೇ. ಉಳಿದ ವ್ಯಾಟುಗಳು 5 ಮತ್ತು 3.3 ವೋಲ್ಟಿನ ಸಾಲುಗಳ ಪಾಲಾದುದರಿಂದ ಇವುಗಳ ನೆರವಿಗೆ ಬಾರವು. ಇನ್ನು ಹೊರೆಯೆಷ್ಟು? ಕಾರ್ಡಿಗೆ 170 ವ್ಯಾಟ್, ನಮ್ಮ ಇಂಟೆಲ್ ಐ5-12400 ಪ್ರೊಸೆಸರಿಗೆ ಗರಿಷ್ಠ 117, ಫ್ಯಾನು, ಡಿಸ್ಕು ಮೊದಲಾದವಕ್ಕೆ ಸುಮಾರು 50. ಒಟ್ಟು 337. ಒಂಟೆತ್ತಿನ ಗಾಡಿಗೆ ಜೋಡೆತ್ತಿನ ಹೊರೆ ಹೇರಿದ್ದೆವು!

ಆದುದರಿಂದ, ಸೋದರಿಯವರೇ, ಮೊದಲು ಕಾರ್ಡಿನ ತಯಾರಕರು ಎಷ್ಟು ವ್ಯಾಟಿನ ಎಸ್‌ಎಂಪಿಎಸ್ ಹೇಳಿದ್ದಾರೆಂದು ನೋಡಿರಿ. ನಮ್ಮ ಕಾರ್ಡಿಗೆ 550 ಎಂದಿದ್ದಾರೆ. ಕಾರ್ಡು ಕ್ಷಣಮಾತ್ರ ತನ್ನ ಲೆಕ್ಕವನ್ನು ಮೀರಿ ಎಳೆಯುವುದುಂಟಾದ್ದರಿಂದ ಈ ಕೈಬಿಡುವು ಅಗತ್ಯ. ಅನಂತರ ಚೀಟಿಯಲ್ಲಿ 12 ವೋಲ್ಟಿನ ಲೆಕ್ಕವನ್ನು ಗುಣಿಸಿ ನೋಡಿರಿ. ಮೂರನೆಯದಾಗಿ ತಂತಿ. ಮದರ್‌ಬೋರ್ಡಿನ ಸ್ಲಾಟ್ ಕಾರ್ಡಿಗೆ ಕೊಡಬಲ್ಲುದು 75 ವ್ಯಾಟ್ ಮಾತ್ರ. 6 ಪಿನ್ನಿನ ತಂತಿ 75, 8 ಪಿನ್ನಿನದು 150. ಬೇಕಾದ ತಂತಿ ಎಸ್‌ಎಂಪಿಎಸ್‌ನಲ್ಲೇ ಇರಲಿ. ಅಡಾಪ್ಟರಿನ ಉಪಾಯ ಬೇಡ, ತಂತಿ ಕಾದು ಕರಗೀತು. ಕಳಚಿ ಜೋಡಿಸುವ ತಂತಿಗಳಾದರೆ ಒಂದು ಎಸ್‌ಎಂಪಿಎಸ್‌ನದನ್ನು ಇನ್ನೊಂದಕ್ಕೆ ಹಾಕಕೂಡದು.

'80 ಪ್ಲಸ್' ಮುದ್ರೆಯನ್ನೂ ಗಮನಿಸಿರಿ. ಅದು ಪೆಟ್ಟಿಗೆ ಎಷ್ಟು ಹೊರುತ್ತದೆಂಬುದನ್ನಲ್ಲ, ಎಷ್ಟು ಕಡಿಮೆ ಪೋಲು ಮಾಡುತ್ತದೆಂಬುದನ್ನು ಹೇಳುತ್ತದೆ. ನೂರಕ್ಕೆ 80ರ ದಕ್ಷತೆಯಿದ್ದರೆ, 337 ವ್ಯಾಟ್ ಕೊಡಲು ಗೋಡೆಯಿಂದ ಸುಮಾರು 421 ವ್ಯಾಟ್ ಎಳೆಯಬೇಕು. ಯುಪಿಎಸ್ ಇದ್ದವರಿಗೂ ಈ ಲೆಕ್ಕ ಅನ್ವಯಿಸುತ್ತದೆ. 600 ವಿಎ ಎಂದು ಬರೆದ ಸಣ್ಣ ಯುಪಿಎಸ್‌ಗಳಲ್ಲಿ ಅನೇಕವು ಹೊರುವುದು 360 ವ್ಯಾಟ್ ಮಾತ್ರ.

ಒಂದು ಎಚ್ಚರಿಕೆ: ಎಸ್‌ಎಂಪಿಎಸ್‌ನ ಮುಚ್ಚಳವನ್ನು ಮಕ್ಕಳು ಬಿಚ್ಚದಂತೆ ನೋಡಿಕೊಳ್ಳಿರಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು.

ನಮ್ಮ ಶಾಲೆಗೆ ಈಗ ಹೊಸ ಎಸ್‌ಎಂಪಿಎಸ್ ಬಂದಿದೆ. ದೂರಿಗೊಳಗಾದ ಕಾರ್ಡು ನಿರಾತಂಕವಾಗಿ ದುಡಿಯುತ್ತಿದೆ. ಅಜ್ಜಿಯ ಹಾಡು ಮಾತ್ರ ಮರಳಲಿಲ್ಲ. ಆದ್ದರಿಂದ ಪೆಟ್ಟಿಗೆ ಬಿಚ್ಚುವ ಮುನ್ನ ಮಗನ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ತೆಗೆದಿರಿಸಲು ಹೇಳಿರಿ. ಎಸ್‌ಎಂಪಿಎಸ್ ಅನ್ನು ಅಂಗಡಿಯಿಂದ ತರಬಹುದು.